ವಿಚಾರಣೆಯಲ್ಲಿ ತಪ್ಪಾಗಿದೆ ಸರಿ, ಅಪೀಲು ಗೆಲ್ಲುತ್ತದೆಯೇ?

ಯಾದಗಿರಿ, ಶಹಾಪುರ, ಸುರಪುರದ ಕೋರ್ಟುಗಳ ಅಂಗಳದಲ್ಲಿ ಶಿಕ್ಷೆಯ ಆದೇಶ ಬಂದ ದಿನ, ಮನೆಯವರನ್ನು ಸಮಾಧಾನ ಮಾಡುವವರ ಬಾಯಲ್ಲಿ ಬರುವ ಮಾತೊಂದಿದೆ: "ಪಂಚನಾಮೆದಾಗ ತಾರೀಖೇ ತಪ್ಪದ ನೋಡ್ರಿ, ಅಪೀಲ್‌ದಾಗ ಈ ಕೇಸ್ ನಿಂದ್ರಂಗಿಲ್ಲ." ತಾರೀಖು ಇಲ್ಲದಿದ್ದರೆ ಊರಿನ ಹೆಸರು, ಅದೂ ಇಲ್ಲದಿದ್ದರೆ ಸಹಿ ಹಾಕಿದ ಪಂಚನಿಗೆ ಓದು ಬಾರದ ಸಂಗತಿ. ಕೊಂಕಲ್, ವಡಗೇರಾ, ಸೈದಾಪುರದ ಕಡೆಯಿಂದ ಬಂದ ಕುಟುಂಬ ಆ ಮಾತನ್ನು ನಂಬಿ ಹೊಲ ಅಡವಿಟ್ಟು ಕಲಬುರಗಿಯ ದಾರಿ ಹಿಡಿಯುತ್ತದೆ. ವರ್ಷಗಳಾದ ಮೇಲೆ ಹೈಕೋರ್ಟು ಆ ತಪ್ಪನ್ನು ಒಪ್ಪಿಕೊಂಡು, "ಆದರೂ ಶಿಕ್ಷೆ ಸರಿ" ಎಂದು ಬರೆದಾಗ ಅವರಿಗೆ ಏನೂ ಅರ್ಥವಾಗುವುದಿಲ್ಲ. ತಪ್ಪು ಇದ್ದದ್ದು ನಿಜವಾದರೆ ಶಿಕ್ಷೆ ಹೇಗೆ ಉಳಿಯಿತು?

ಕಾನೂನು ಇದಕ್ಕೆ ನೇರವಾಗಿಯೇ ಉತ್ತರ ಕೊಟ್ಟಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 511ನೇ ಕಲಂ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 465ನೇ ಕಲಂ, ಹೇಳುವುದು ಇಷ್ಟು: ದೂರು, ಸಮನ್ಸು, ವಾರಂಟು, ದೋಷಾರೋಪ, ವಿಚಾರಣೆಯ ಕ್ರಮ, ಇವುಗಳಲ್ಲಿ ಯಾವುದರಲ್ಲಾದರೂ ತಪ್ಪೋ ಲೋಪವೋ ಆಗಿದೆ ಎಂಬ ಒಂದೇ ಕಾರಣಕ್ಕೆ ತೀರ್ಪನ್ನು ಬದಲಿಸುವಂತಿಲ್ಲ, ಆ ತಪ್ಪಿನಿಂದ ನ್ಯಾಯಕ್ಕೇ ಚ್ಯುತಿ ಬಂದಿದೆ ಎಂದು ಅಪೀಲು ಕೋರ್ಟಿಗೆ ಅನ್ನಿಸಬೇಕು. ಆರೋಪಿ ತನ್ನನ್ನು ಸಮರ್ಥಿಸಿಕೊಳ್ಳುವ ಅವಕಾಶ ಆ ತಪ್ಪಿನಿಂದ ಎಷ್ಟು ಕಿತ್ತುಹೋಯಿತು ಎನ್ನುವುದೇ ಅಲ್ಲಿ ನಡೆಯುವ ಅಳತೆ. ಅಪೀಲಿಗೆ ಹಣ ಸುರಿಯುವ ಮುನ್ನ ಪ್ರತಿ ಕುಟುಂಬವೂ ವಕೀಲರ ಮುಂದೆ ಇಡಬೇಕಾದ ಪ್ರಶ್ನೆಯೂ ಇದೇ: ಈ ತಪ್ಪು ಆಗದೆ ಇದ್ದಿದ್ದರೆ ನಾವು ಕೋರ್ಟಿನಲ್ಲಿ ಬೇರೆ ಏನು ಮಾಡುತ್ತಿದ್ದೆವು? ಅದಕ್ಕೆ ಗಟ್ಟಿ ಉತ್ತರವಿದ್ದರೆ ಅಪೀಲಿಗೆ ಬಲವಿದೆ.

ನಮ್ಮ ಭಾಗದ ಹಳೆಯ ಇತಿಹಾಸದಲ್ಲೇ ಇದಕ್ಕೆ ಒಂದು ದೊಡ್ಡ ಉದಾಹರಣೆ ಸಿಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಪೀಲುಗಳು ಹೈದರಾಬಾದಿಗೇ ಹೋಗುತ್ತಿದ್ದವು. ಹೈದರಾಬಾದ್ ಭಾರತಕ್ಕೆ ಸೇರಿದ ಪೊಲೀಸ್ ಕಾರ್ಯಾಚರಣೆಯ ನಂತರ, ಹಿಂದೆ ವಾರಂಗಲ್‌ನ ಸುಬೇದಾರರಾಗಿದ್ದ ಹಬೀಬ್ ಮೊಹಮ್ಮದ್ ಎಂಬ ಅಧಿಕಾರಿಯ ಮೇಲೆ, 1947ರ ಡಿಸೆಂಬರಿನಲ್ಲಿ ಹಳ್ಳಿಯೊಂದರ ಮೇಲೆ ಗುಂಡು ಹಾರಿಸಲು ಆಜ್ಞೆ ಕೊಟ್ಟರೆಂಬ ಕೊಲೆ ಆರೋಪ ಬಂತು. ವಿಶೇಷ ನ್ಯಾಯಾಧೀಶರ ಮುಂದೆ ವಿಚಾರಣೆ ನಡೆದು ಶಿಕ್ಷೆಯೂ ಆಯಿತು. ಘಟನೆಯ ಜಾಗದಲ್ಲೇ ಹಾಜರಿದ್ದ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರನ್ನು ಸರ್ಕಾರಿ ಕಡೆಯವರು ಸಾಕ್ಷಿಯಾಗಿ ಕರೆಯಲೇ ಇಲ್ಲ. ಆರೋಪಿ ಕೇಳಿಕೊಂಡ ಸಾಕ್ಷಿಗಳಿಗೂ ಅವಕಾಶ ಸಿಗಲಿಲ್ಲ. 1953ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಕಿತ್ತುಹಾಕಿತು. ಆತ ಎಂಥ ಅಧಿಕಾರಿ, ಆ ಕಾಲದ ಜನರ ಸಿಟ್ಟು ಎಷ್ಟಿತ್ತು ಎನ್ನುವುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಸತ್ಯ ಹೇಳಬಹುದಾಗಿದ್ದ ಮುಖ್ಯ ಸಾಕ್ಷಿಯನ್ನು ಬಚ್ಚಿಟ್ಟು, ಆರೋಪಿಯ ಬಾಯನ್ನೂ ಕಟ್ಟಿದ ವಿಚಾರಣೆ ನ್ಯಾಯವಾದ ವಿಚಾರಣೆಯಲ್ಲ ಎಂಬುದಷ್ಟೇ ಬಂತು. ಹೊಸ ಸಂವಿಧಾನ ಬಂದು ನಾಲ್ಕು ವರ್ಷ ಕಳೆದಿರಲಿಲ್ಲ ಅನ್ನುವಾಗ, ಜನಪ್ರಿಯನಲ್ಲದ ಆರೋಪಿಯೊಬ್ಬನ ವಿಷಯದಲ್ಲಿ ಆ ಕೋರ್ಟು ಹೀಗೆ ನಡೆದುಕೊಂಡದ್ದನ್ನು ನಾನು ದೊಡ್ಡ ಮಾತೆಂದು ತಿಳಿಯುತ್ತೇನೆ.

ದೋಷಾರೋಪ ತಪ್ಪಾದಾಗ

ವಿಚಾರಣೆ ಶುರುವಾಗುವ ದಿನ ನ್ಯಾಯಾಧೀಶರು ಆರೋಪಿಗೆ ಓದಿ ಹೇಳುವ ದೋಷಾರೋಪವೇ ಮುಂದಿನ ಎಲ್ಲದಕ್ಕೂ ಬುನಾದಿ. ಅದರಲ್ಲಿ ಕಲಂ ನಂಬರು ತಪ್ಪಿದೆ, ವೇಳೆ ತಪ್ಪಿದೆ ಎಂಬ ಕಾರಣಕ್ಕೆ ಶಿಕ್ಷೆ ರದ್ದಾಗುವುದಿಲ್ಲ. 1955ರಲ್ಲಿ ವಿಲಿ ಸ್ಲೇನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಇದನ್ನು ಗಟ್ಟಿ ಮಾಡಿತು: ತನ್ನ ಮೇಲಿನ ಆಪಾದನೆ ಏನೆಂದು ಆರೋಪಿಗೆ ತಿಳಿದಿತ್ತೇ, ಅದಕ್ಕೆ ಎದುರಾಡಲು ಅವನಿಗೆ ಪೂರ್ತಿ ಅವಕಾಶವಿತ್ತೇ, ಇದನ್ನು ನೋಡಬೇಕೇ ಹೊರತು ಕಾಗದದ ಚೊಕ್ಕತನವನ್ನಲ್ಲ.

ಆದರೆ ಎಲ್ಲಿ ಈ ತಪ್ಪು ನಿಜಕ್ಕೂ ಕೊಲ್ಲುತ್ತದೆ ಎಂಬುದನ್ನು ತೋರಿಸಿದ್ದು ನಮ್ಮ ರಾಜ್ಯದ್ದೇ ಪ್ರಕರಣ, 2001ರ ಜನವರಿಯ ಶಮ್ನಸಾಹೇಬ್ ಮುಲ್ತಾನಿ ತೀರ್ಪು. ಹೆಂಡತಿಯ ಸಾವಿಗೆ ಗಂಡನ ಮೇಲೆ ಕೊಲೆಯ ದೋಷಾರೋಪವಿತ್ತು. ಹೈಕೋರ್ಟಿನಲ್ಲಿ ಕೊಲೆ ಸಾಬೀತಾಗಲಿಲ್ಲ. ಆದರೆ ವರದಕ್ಷಿಣೆ ಸಾವಿನ ಕಲಮಿನಡಿ ಶಿಕ್ಷೆಯಾಯಿತು. ಆ ಕಲಮಿನ ದೋಷಾರೋಪವನ್ನು ಅವನಿಗೆ ಯಾರೂ ಎಂದೂ ಓದಿ ಹೇಳಿರಲಿಲ್ಲ. ಮೇಲ್ನೋಟಕ್ಕೆ ಇದೂ ಒಂದು ಕಲಂ ನಂಬರಿನ ವ್ಯತ್ಯಾಸ. ಆದರೆ ಕೊಲೆ ಆರೋಪದಲ್ಲಿ ಸಾಬೀತು ಮಾಡುವ ಭಾರವೆಲ್ಲ ಸರ್ಕಾರದ್ದು; ಆರೋಪಿ ಸುಮ್ಮನೆ ಕೂತರೂ ನಡೆಯುತ್ತದೆ. ವರದಕ್ಷಿಣೆ ಸಾವಿನಲ್ಲಿ ಹಾಗಿಲ್ಲ. ಮದುವೆಯಾದ ಏಳು ವರ್ಷದೊಳಗಿನ ಅಸಹಜ ಸಾವು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಕಿರುಕುಳ, ಇಷ್ಟು ಸಾಬೀತಾದರೆ ಉಳಿದದ್ದನ್ನು ಕಾನೂನೇ ಊಹಿಸಿಕೊಳ್ಳುತ್ತದೆ. ಆ ಊಹೆಯನ್ನು ಸುಳ್ಳುಮಾಡುವ ಹೊಣೆ ಆರೋಪಿಯ ತಲೆಗೆ ಬರುತ್ತದೆ. ಹೊಣೆ ಬಂದಿದೆ ಎಂದೇ ಗೊತ್ತಿಲ್ಲದವನು ಅದನ್ನು ಹೊರುವುದು ಹೇಗೆ? ಸುಪ್ರೀಂ ಕೋರ್ಟ್ ಇದನ್ನು ನ್ಯಾಯಕ್ಕೆ ಬಂದ ಚ್ಯುತಿಯೆಂದೇ ಕರೆಯಿತು. ಹಾಗೆಂದು ಅವನನ್ನು ಬಿಟ್ಟು ಕಳಿಸಲಿಲ್ಲ. ಆ ಆರೋಪಕ್ಕೆ ಎದುರಾಗಿ ತನ್ನ ಸಮರ್ಥನೆ ಹೇಳಿಕೊಳ್ಳಲು ಅವಕಾಶ ಕೊಡಿ ಎಂದು ಪ್ರಕರಣವನ್ನು ಕೆಳಗಿನ ಕೋರ್ಟಿಗೆ ವಾಪಸು ಕಳಿಸಿತು. ತಪ್ಪು ಎಲ್ಲಿ ಆಯಿತೋ ಅಲ್ಲಿಂದ ಮುಂದಕ್ಕೆ ಮತ್ತೆ ನಡೆಸುವುದು, ಅಷ್ಟೆ.

ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್ ಒಬ್ಬರ ಪ್ರಕರಣ ಇನ್ನೊಂದು ಬಗೆಯದು. 500 ರೂಪಾಯಿ ಲಂಚದ ಆರೋಪ. ಮೊಕದ್ದಮೆ ಹೂಡಲು ಅನುಮತಿ ಕೊಟ್ಟ ಅಧಿಕಾರಿಗೆ ಆ ಅಧಿಕಾರವೇ ಇರಲಿಲ್ಲ. ವಿಚಾರಣಾ ಕೋರ್ಟು ಬಿಡುಗಡೆ ಮಾಡಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, 2015ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದು ಮಾಡಿತು. ಅನುಮತಿಯೇ ಸಿಂಧುವಲ್ಲದಿದ್ದರೆ ಕೋರ್ಟಿಗೆ ಆ ಪ್ರಕರಣ ಕೈಗೆತ್ತಿಕೊಳ್ಳುವ ಅಧಿಕಾರವೇ ಹುಟ್ಟುವುದಿಲ್ಲ ಎಂಬುದು ಅದರ ತಿರುಳು. ನಂಜಪ್ಪ ತೀರ್ಪು ಎಂದೇ ಹೆಸರಾದ ಇದನ್ನು ಸರ್ಕಾರಿ ನೌಕರರ ವಕೀಲರು ದಿನವೂ ಉದ್ಧರಿಸುತ್ತಾರೆ. ಆದರೆ ಅದನ್ನು ಎಲ್ಲ ಅನುಮತಿ ಪತ್ರಗಳಿಗೂ ಹಚ್ಚುವಂತಿಲ್ಲ. ಅಧಿಕಾರವಿದ್ದವರೇ ಕೊಟ್ಟ ಅನುಮತಿಯಲ್ಲಿ ಸಣ್ಣಪುಟ್ಟ ಲೋಪವಿದ್ದರೆ ಮತ್ತೆ ಅದೇ ಹಳೆಯ ಪ್ರಶ್ನೆ ಏಳುತ್ತದೆ, ನ್ಯಾಯಕ್ಕೆ ಚ್ಯುತಿ ಬಂತೇ ಎಂದು.

ಅಧಿಕಾರವೇ ಇಲ್ಲದ ಮ್ಯಾಜಿಸ್ಟ್ರೇಟರು ನಡೆಸಿದ ವಿಚಾರಣೆಗೂ ನಂಜಪ್ಪ ಪ್ರಕರಣದ ಗತಿಯೇ. ಸಂಹಿತೆಯ 507ನೇ ಕಲಂ ಅಂಥವುಗಳ ಪಟ್ಟಿಯನ್ನೇ ಕೊಟ್ಟಿದೆ. ಅಲ್ಲಿ ಚ್ಯುತಿಯ ಅಳತೆ ಬೇಕಿಲ್ಲ, ನಡಾವಳಿಯೇ ಶೂನ್ಯ. ಇಂಥವು ಅಪರೂಪ. ತಾಲ್ಲೂಕುಗಳು ಒಡೆದು ಹೊಸದಾಗಿರುವ ನಮ್ಮ ಜಿಲ್ಲೆಯಲ್ಲಿ "ಈ ಊರಿನ ಕೇಸು ಆ ಕೋರ್ಟಿನಲ್ಲಿ ನಡೆಯಬಾರದಿತ್ತು" ಎಂಬ ವಾದ ಆಗಾಗ ಬರುತ್ತದೆ. ಅದು ಈ ಪಟ್ಟಿಗೆ ಸೇರುವುದಿಲ್ಲ. ವಿಚಾರಣೆ ಬೇರೆ ಹದ್ದಿನಲ್ಲಿ ನಡೆಯಿತೆಂಬ ಕಾರಣವೊಂದಕ್ಕೇ ಶಿಕ್ಷೆ ಹೋಗುವುದಿಲ್ಲ ಎಂದು 508ನೇ ಕಲಂ ಹೇಳುತ್ತದೆ. 1987ರ ಕುಪ್ಪುಸ್ವಾಮಿ ಗೌಂಡರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕರ್ನಾಟಕ ಸರ್ಕಾರದ ಅಪೀಲನ್ನು ಒಪ್ಪಿ ಇದನ್ನೇ ಎತ್ತಿಹಿಡಿಯಿತು.

ಜಡ್ಜ್ ಸಾಹೇಬರು ನಿಮ್ಮನ್ನೇ ಕೇಳುವ ದಿನ

ಸರ್ಕಾರಿ ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನು ಮುಂದೆ ಕರೆದು ಒಂದೊಂದಾಗಿ ಪ್ರಶ್ನೆ ಕೇಳುತ್ತಾರೆ. ಹಳೆಯ ಕಾನೂನಿನ 313, ಹೊಸದರ 351ನೇ ಕಲಂ. ವಕೀಲರೆಲ್ಲ ಇದನ್ನು ಇನ್ನೂ "ತ್ರೀ ಥರ್ಟೀನ್" ಅಂತಲೇ ಕರೆಯುತ್ತಾರೆ. ಇಡೀ ವಿಚಾರಣೆಯಲ್ಲಿ ಆರೋಪಿಗೂ ನ್ಯಾಯಾಧೀಶರಿಗೂ ನಡುವೆ ಯಾರೂ ಇಲ್ಲದೆ ಮಾತು ನಡೆಯುವುದು ಅಂದು ಮಾತ್ರ. ಹಾಗಿದ್ದೂ ನಮ್ಮಲ್ಲಿ ಹೆಚ್ಚು ಅಸಡ್ಡೆಗೆ ಗುರಿಯಾದ ದಿನವೂ ಇದೇ. ಸಂಜೆಯ ಹೊತ್ತಿಗೆ, ಅವಸರದಲ್ಲಿ, "ಎಲ್ಲಾ ಸುಳ್ಳು ಅನ್ನು, ಗೊತ್ತಿಲ್ಲ ಅನ್ನು" ಎಂದು ಹೇಳಿಕೊಟ್ಟು ಹೆಬ್ಬೆಟ್ಟು ಒತ್ತಿಸಿ ಮುಗಿಸಿಬಿಡುತ್ತಾರೆ. ಇದನ್ನು ಬದಲಿಸಲೇಬೇಕು.

ಏಕೆಂದರೆ ಅಪೀಲಿನಲ್ಲಿ ಶಿಕ್ಷೆಗಳು ರದ್ದಾಗುವ ಮುಖ್ಯ ಜಾಗಗಳಲ್ಲಿ ಇದೂ ಒಂದು. ಆರೋಪಿಯ ವಿರುದ್ಧ ಬಂದ ಒಂದು ಸಂಗತಿಯನ್ನು ಅವನ ಮುಂದಿಟ್ಟು ವಿವರಣೆ ಕೇಳದಿದ್ದರೆ ಅದನ್ನು ಅವನ ವಿರುದ್ಧ ಬಳಸುವಂತಿಲ್ಲ ಎಂದು ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ 1984ರಲ್ಲೇ ಸುಪ್ರೀಂ ಕೋರ್ಟು ಹೇಳಿತು. 2023ರ ಮೇ ತಿಂಗಳಲ್ಲಿ ದಿಲ್ಲಿಯ ರಾಜ್‌ಕುಮಾರ್ ಪ್ರಕರಣದಲ್ಲಿ, ಘಟನೆ ನಡೆದು 27 ವರ್ಷಗಳಾದ ಮೇಲೆ, ಇದೇ ಕಾರಣಕ್ಕೆ ಆರೋಪಿ ಬಿಡುಗಡೆಯಾದ: ಅವನ ವಿರುದ್ಧ ಇದ್ದ ಒಂದೇ ಒಂದು ಸಂಗತಿಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಮತ್ತೆ ಪ್ರಶ್ನೆ ಕೇಳಿ ಎಂದು ಹಿಂದಕ್ಕೆ ಕಳಿಸಲು ಕಾಲ ಮೀರಿಹೋಗಿತ್ತು. ಎಲ್ಲ ಲೋಪಗಳೂ ಇಷ್ಟು ದೂರ ಹೋಗುವುದಿಲ್ಲ. ತೀರ್ಪು ನಿಂತಿರುವುದೇ ಆ ಸಂಗತಿಯ ಮೇಲಾದರೆ ಮಾತ್ರ ಬುಡ ಅಲ್ಲಾಡುತ್ತದೆ. ಉಳಿದ ಸಾಕ್ಷ್ಯ ಸಾಕಷ್ಟಿದ್ದರೆ ಆ ಒಂದನ್ನು ಬದಿಗಿಟ್ಟು ಶಿಕ್ಷೆಯನ್ನು ಕಾಯಂ ಮಾಡುತ್ತಾರೆ. ಲೋಪ ಬೇಗ ಸಿಕ್ಕಿಬಿದ್ದರೆ ಅಪೀಲು ಕೋರ್ಟೇ ಆ ಪ್ರಶ್ನೆ ಕೇಳಿ ಸರಿಪಡಿಸಬಹುದು.

ಮಾಡಬೇಕಾದದ್ದು ಏನೆಂದರೆ, ಆ ದಿನಕ್ಕೆ ಮೊದಲೇ ವಕೀಲರ ಬಳಿ ಕೂತು ಯಾವ ಸಾಕ್ಷಿ ನಿಮ್ಮ ಬಗ್ಗೆ ಏನು ಹೇಳಿದ್ದಾನೆ ಎಂದು ಪೂರ್ತಿ ಕೇಳಿಸಿಕೊಳ್ಳಿ. ಪ್ರಶ್ನೆಗಳು ನಿಮಗೆ ತಿಳಿಯುವ ಭಾಷೆಯಲ್ಲೇ ಬರಬೇಕು. ಯಾದಗಿರಿಯಲ್ಲಿ ಮನೆಮಾತು ಉರ್ದು, ತೆಲುಗು, ಲಂಬಾಣಿ ಆಗಿರುವವರು ಎಷ್ಟೋ ಮಂದಿ. ತಿಳಿಯದಿದ್ದರೆ "ತಿಳೀಲಿಲ್ಲ ಸಾಹೇಬ್ರೆ" ಎಂದು ಅಲ್ಲೇ ಹೇಳುವುದರಲ್ಲಿ ನಾಚಿಕೆಯಿಲ್ಲ. ಬಾಯಿಮಾತಿನ ಜೊತೆಗೆ ಲಿಖಿತ ಹೇಳಿಕೆ ಕೊಡಲೂ ಕಾನೂನಿನಲ್ಲಿ ಅವಕಾಶವಿದೆ.

ವಕೀಲರೇ ಇಲ್ಲದೆ ನಡೆದ ವಿಚಾರಣೆಯನ್ನೂ ಇಲ್ಲೇ ಹೇಳಬೇಕು. 2012ರ ಮೊಹಮ್ಮದ್ ಹುಸೇನ್ ಪ್ರಕರಣದಲ್ಲಿ, ದಿಲ್ಲಿಯ ಬಸ್ ಸ್ಫೋಟದಂಥ ಘೋರ ಆರೋಪವಿದ್ದರೂ, ಬಹುಪಾಲು ಸಾಕ್ಷಿಗಳಿಗೆ ವಕೀಲರ ಪಾಟೀಸವಾಲೇ ನಡೆದಿಲ್ಲವೆಂದು ಶಿಕ್ಷೆ ರದ್ದಾಯಿತು, ಮರುವಿಚಾರಣೆಗೆ ಆದೇಶವಾಯಿತು. 2019ರ ಅನೋಖಿಲಾಲ್ ತೀರ್ಪು ಇನ್ನೂ ಮುಂದಕ್ಕೆ ಹೋಗಿ, ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆಯಿರುವ ಪ್ರಕರಣಕ್ಕೆ ಕೋರ್ಟು ನೇಮಿಸುವ ವಕೀಲರಿಗೆ ಕನಿಷ್ಠ 10 ವರ್ಷದ ಅನುಭವವಿರಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಕೊಡಬೇಕು ಎಂದಿತು. ಆದರೆ ನೀವೇ ಇಟ್ಟುಕೊಂಡ ವಕೀಲರು ಒಳ್ಳೆಯ ಪ್ರಶ್ನೆ ಕೇಳಲಿಲ್ಲ ಎಂಬ ದೂರಿನಿಂದ ಅಪೀಲು ಗೆಲ್ಲುವುದು ಬಹಳ ಕಷ್ಟ.

ಪೊಲೀಸರ ತಪ್ಪು

ಜನ ಹೆಚ್ಚು ನಂಬಿಕೊಳ್ಳುವುದು ಇದನ್ನು, ಹೆಚ್ಚು ಸೋಲುವುದೂ ಇಲ್ಲೇ. ತನಿಖೆಯಲ್ಲಿ ಅಕ್ರಮವಿದ್ದ ಮಾತ್ರಕ್ಕೆ ವಿಚಾರಣೆ ಕೆಡುವುದಿಲ್ಲ ಎಂಬುದು 1954ರ ರಿಶ್ಬುಡ್ ತೀರ್ಪಿನಿಂದಲೇ ನಿಂತ ಮಾತು. 1999ರಲ್ಲಿ ಕರ್ನಾಟಕದ ಯಾರಪ್ಪ ರೆಡ್ಡಿ ಪ್ರಕರಣದಲ್ಲಿ, ತನಿಖಾಧಿಕಾರಿಯ ಕೆಲಸ ಅನುಮಾನಾಸ್ಪದವಾಗಿದ್ದರೂ ನಂಬಬಹುದಾದ ಸಾಕ್ಷಿಗಳಿದ್ದರೆ ಅವರನ್ನು ನಂಬಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಪೊಲೀಸನೊಬ್ಬ ಬೇಕೆಂತಲೇ ಕಾಗದ ಕೆಡಿಸಿದರೆ ಸತ್ತವನ ಮನೆಯವರಿಗೆ ನ್ಯಾಯ ತಪ್ಪಬೇಕೇ? ಈ ಪ್ರಶ್ನೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ದೌರ್ಜನ್ಯಕ್ಕೊಳಗಾದ ಬಡ ಕುಟುಂಬ ತನಿಖೆಯನ್ನು ತಾನು ನಡೆಸುವುದಿಲ್ಲ. ತನಿಖೆಯ ಲೋಪಕ್ಕೆ ಆ ಕುಟುಂಬ ಬೆಲೆ ತೆರಬಾರದು.

ಸಾಕ್ಷ್ಯವನ್ನು ಕೋರ್ಟಿನಲ್ಲಿ ಸಾಬೀತು ಮಾಡುವ ರೀತಿಯಲ್ಲೇ ತಪ್ಪಾದರೆ ಮಾತ್ರ ಕಥೆ ಬೇರೆ. ವಿಜಯಪುರದ ಕಡೆಯ ಕೊಲೆ ಪ್ರಕರಣವೊಂದರಲ್ಲಿ, ಬಾಬು ಸಾಹೇಬಗೌಡ ರುದ್ರಗೌಡರ ಎಂಬ ಹೆಸರಿನ 2024ರ ಏಪ್ರಿಲ್ ತೀರ್ಪಿನಲ್ಲಿ, ಆರೋಪಿಗಳು ತೋರಿಸಿಕೊಟ್ಟರೆಂದು ಹೇಳಲಾದ ಆಯುಧಗಳ ಜಪ್ತಿಯನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆರೋಪಿ ಆಡಿದ ಮಾತುಗಳೇನು ಎಂದು ತನಿಖಾಧಿಕಾರಿ ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಬೇಕಿತ್ತು. ಬರೆದ ಕಾಗದಕ್ಕೆ ನಂಬರು ಹಾಕಿಸಿ ಸುಮ್ಮನಾದರೆ ಸಾಲದು. ವಿಚಾರಣಾ ಕೋರ್ಟು ಬಿಡುಗಡೆ ಮಾಡಿದ್ದವರಿಗೆ ಹೈಕೋರ್ಟು ಕೊಟ್ಟಿದ್ದ ಶಿಕ್ಷೆ ಅಲ್ಲಿಗೆ ರದ್ದಾಯಿತು. ಹೊಸ ಸಾಕ್ಷ್ಯ ಅಧಿನಿಯಮದ 169ನೇ ಕಲಂ ಇದಕ್ಕೊಂದು ಮಿತಿ ಹಾಕಿದೆ: ತಪ್ಪಾಗಿ ಒಳಬಂದ ಸಾಕ್ಷ್ಯವನ್ನು ತೆಗೆದುಹಾಕಿದರೂ ಉಳಿದದ್ದು ಸಾಕಷ್ಟಿದ್ದರೆ ತೀರ್ಪು ಬದಲಾಗುವುದಿಲ್ಲ. ಇನ್ನು ಮೊಬೈಲ್, ಸಿಸಿಟಿವಿ ದಾಖಲೆಗಳಿಗೆ ಬೇಕಾದ ಪ್ರಮಾಣಪತ್ರ ಹಾಕಿಲ್ಲ ಎಂಬ ತಪ್ಪನ್ನು ವಿಚಾರಣೆ ಮುಗಿಯುವ ಮೊದಲು ಸರ್ಕಾರಿ ಕಡೆಯವರು ಸರಿಪಡಿಸಿಕೊಳ್ಳಬಹುದು. 2008ರ ಬೆಂಗಳೂರು ಸರಣಿ ಸ್ಫೋಟದ ಪ್ರಕರಣದಲ್ಲಿ 2023ರ ನವೆಂಬರಿನಲ್ಲಿ ಹಾಗೇ ಅವಕಾಶ ಸಿಕ್ಕಿತು.

511ನೇ ಕಲಮಿನ ಎರಡನೇ ಭಾಗವನ್ನು ವಕೀಲರು ಮನೆಯವರಿಗೆ ಹೇಳುವುದು ಕಡಿಮೆ. ತಪ್ಪಿನ ಬಗ್ಗೆ ಮೊದಲೇ ತಕರಾರು ಎತ್ತಬಹುದಿತ್ತೇ, ಎತ್ತಬೇಕಿತ್ತೇ ಎಂಬುದನ್ನು ಅಪೀಲು ಕೋರ್ಟು ಗಮನಿಸಬೇಕು ಎನ್ನುತ್ತದೆ ಅದು. ಐದು ವರ್ಷ ಸುಮ್ಮನಿದ್ದು ಹೈಕೋರ್ಟಿನಲ್ಲಿ ಮೊದಲ ಬಾರಿ ಎತ್ತಿದ ತಕರಾರಿಗೆ ಬೆಲೆ ಇಳಿಯುತ್ತದೆ. ಆದ್ದರಿಂದ ಸಾಕ್ಷಿ ಕರೆಸಲು, ದಾಖಲೆ ತರಿಸಲು, ದೋಷಾರೋಪ ತಿದ್ದಲು ಏನೇ ಬೇಕಾದರೂ ಬಾಯಲ್ಲಿ ಹೇಳಿ ಬಿಡಬೇಡಿ, ಅರ್ಜಿ ಹಾಕಿಸಿ. ಅರ್ಜಿ ವಜಾ ಆದರೂ ಆ ಆದೇಶ ಕಡತದಲ್ಲಿ ಉಳಿಯುತ್ತದೆ, ನಾಳೆ ಕಲಬುರಗಿಯಲ್ಲಿ ಅದೇ ನಿಮ್ಮ ಪರ ಮಾತಾಡುತ್ತದೆ.

ಶಿಕ್ಷೆಯಾದ ಮೇಲೆ

ಅಂದೇ ತೀರ್ಪಿನ ನಕಲು ಕೇಳಿ. ಜೈಲು ಶಿಕ್ಷೆಯಾದವರಿಗೆ ಅದು ಪುಕ್ಕಟೆ, ತಡಮಾಡದೆ ಕೊಡಬೇಕಾದದ್ದು. ಮ್ಯಾಜಿಸ್ಟ್ರೇಟ್ ಕೋರ್ಟಿನ ಶಿಕ್ಷೆಯಾದರೆ ಯಾದಗಿರಿಯ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ ಅಪೀಲು. ಸೆಷನ್ಸ್ ಕೋರ್ಟಿನದಾದರೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ 60 ದಿನ, ಮರಣದಂಡನೆಯಾಗಿದ್ದರೆ 30 ದಿನ. ದೃಢೀಕೃತ ನಕಲು ಸಿಗಲು ಹಿಡಿದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ತಡವಾದರೂ ತಕ್ಕ ಕಾರಣ ತೋರಿಸಿ ಕ್ಷಮೆ ಕೇಳುವ ದಾರಿಯಿದೆ. ಹಿಂದೆ ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಸಂಚಾರಿ ಪೀಠ, 2013ರಲ್ಲಿ ಕಾಯಂ ಪೀಠ ಕಲಬುರಗಿಗೆ ಬಂದ ಮೇಲೆ ನಮ್ಮ ಜನರ ಎಷ್ಟೋ ಹಣ, ಎಷ್ಟೋ ರಾತ್ರಿಗಳು ಉಳಿದಿವೆ.

ಜಾಮೀನಿನ ಮೇಲೆ ಹೊರಗಿದ್ದವರಿಗೆ ಮೂರು ವರ್ಷ ಮೀರದ ಶಿಕ್ಷೆಯಾದರೆ, ಅಪೀಲು ಹಾಕುವಷ್ಟು ಕಾಲ ಶಿಕ್ಷೆ ಕೊಟ್ಟ ಕೋರ್ಟೇ ಜಾಮೀನು ಮುಂದುವರಿಸುತ್ತದೆ. ಅದಕ್ಕಿಂತ ಹೆಚ್ಚಾದರೆ ಅಪೀಲು ಕೋರ್ಟಿನಲ್ಲಿ ಶಿಕ್ಷೆ ಅಮಾನತಿಗೆ ಅರ್ಜಿ. ಅಮಾನತು ಎಂದರೆ ಬಿಡುಗಡೆಯಲ್ಲ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ ಮರಕುಂಬಿಯ ದಲಿತರ ಮೇಲಿನ ದೌರ್ಜನ್ಯಕ್ಕೆ 98 ಮಂದಿಗೆ ಜೀವಾವಧಿ ವಿಧಿಸಿತು. ಮರುತಿಂಗಳೇ ಧಾರವಾಡ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಾಗ ಕೇಸೇ ಮುಗಿದುಹೋಯಿತು ಎಂದು ಎರಡೂ ಕಡೆಯವರು ತಿಳಿದದ್ದುಂಟು. ತೀರ್ಪಿನ ಸರಿತಪ್ಪು ಆ ಹಂತದಲ್ಲಿ ನಿರ್ಧಾರವಾಗುವುದಿಲ್ಲ.

ಹಣವಿಲ್ಲವೆಂದು ಅಪೀಲು ಬಿಡಬೇಡಿ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಇವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಯಾದಗಿರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು, 15100ಕ್ಕೆ ಫೋನ್ ಮಾಡಬಹುದು. ಜೈಲಿನೊಳಗಿರುವವರು ಅಪೀಲನ್ನು ಜೈಲು ಅಧಿಕಾರಿಯ ಕೈಗೆ ಕೊಟ್ಟರೂ ಸಾಕು, ಅದು ಕೋರ್ಟು ತಲುಪಬೇಕು. ಆರೋಪಿ ಬಿಡುಗಡೆಯಾದಾಗ ಅಪೀಲು ಹಾಕುವ ಹಕ್ಕು ನೊಂದವರಿಗೂ ಇದೆ. ಆದರೆ ಅಲ್ಲಿ ಅಡೆತಡೆ ಹೆಚ್ಚು: 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ಸರ್ಕಾರ ತೀರ್ಪಿನ ಪ್ರಕಾರ, ಸಾಕ್ಷ್ಯದಿಂದ ಎರಡು ಅಭಿಪ್ರಾಯ ಸಾಧ್ಯವಿದ್ದರೆ ಬಿಡುಗಡೆಯನ್ನು ಕದಡಬಾರದು.

ಹೊಸ ಸಂಹಿತೆ 2024ರ ಜುಲೈ 1ರಿಂದ ಬಂದಿದೆ. ಅದಕ್ಕೂ ಮೊದಲೇ ಬಾಕಿಯಿದ್ದ ವಿಚಾರಣೆ, ಅಪೀಲುಗಳು ಹಳೆಯ ಕಾನೂನಿನಲ್ಲೇ ಮುಂದುವರಿಯುತ್ತವೆ. ನಿಮ್ಮ ಕಾಗದದಲ್ಲಿ ಬೇರೆ ನಂಬರಿನ ಕಲಮುಗಳು ಕಂಡರೆ ಗಾಬರಿ ಬೇಡ, ತಿರುಳು ಒಂದೇ. ಅಪೀಲು ಗೆದ್ದು ಮರುವಿಚಾರಣೆಗೆ ಆದೇಶವಾದರೆ ಆರೋಪಿ ಮತ್ತೆ ಜಾಮೀನು ಪಡೆಯಬೇಕಾಗುತ್ತದೆ, ಸಾಕ್ಷಿಗಳು ಮತ್ತೆ ಬರುತ್ತಾರೆ. ಆದ್ದರಿಂದ ಅಪೀಲಿನಲ್ಲಿ ಬಿಡುಗಡೆ ಕೇಳುತ್ತಿದ್ದೇವೋ ಮರುವಿಚಾರಣೆ ಕೇಳುತ್ತಿದ್ದೇವೋ ಎಂಬುದನ್ನು ಸಹಿ ಮಾಡುವ ಮುಂಚೆಯೇ ವಕೀಲರಿಂದ ತಿಳಿದುಕೊಳ್ಳಿ.